ಒಂಬತ್ತನೇ ಫ್ರೇಮು

ನಾನು ಇಂಥದ್ದೊಂದನ್ನು ಬರೆಯುತ್ತೇನೆಂದರೆ ನನ್ನನ್ನು ಬಲ್ಲವರು ನಗುತ್ತಾರೆ. ಶಕುನ, ದೃಷ್ಟಿ, ಗಾಳಿ ಸೋಕುವುದು ಇಂಥ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಚೇಷ್ಟೆ ಮಾಡುವ ಹುಮ್ಮಸ್ಸು ಬರುತ್ತಿತ್ತು. ಬೆಕ್ಕು ಅಡ್ಡ ಬಂತೆಂದು ಯಾರಾದರೂ ನಿಂತುಕೊಂಡರೆ, ಪಾಪ ಬೆಕ್ಕಿನ ಕೆಲಸ ಕೆಟ್ಟಿತು ಎನ್ನುತ್ತಿದ್ದೆ. ನಮ್ಮಪ್ಪ ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಮಿಷನ್ನಿಗೆ ಮೊದಲು ಎಣ್ಣೆ, ಆಮೇಲೆ ಆರತಿ ಎಂಬುದು ಅವರ ಮಾತು. ನಾನು ಆರತಿಯನ್ನು ಬಿಟ್ಟು ಎಣ್ಣೆಯನ್ನಷ್ಟೇ ಇಟ್ಟುಕೊಂಡಿದ್ದೆ.

ವಿಚಿತ್ರ ಅನುಭವ ಎಂದರೆ ನೀವು ಅಮಾವಾಸ್ಯೆ, ನಡುರಾತ್ರಿ, ಹುಣಸೆಮರ ಎಂದೆಲ್ಲ ನಿರೀಕ್ಷಿಸಬಹುದು. ನನಗೆ ಆದದ್ದು ಹಾಡಹಗಲು ಮೂರೂವರೆ ಗಂಟೆಗೆ, ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಇನ್ನೂ ಏಳುತ್ತಿದ್ದ ಕಾಲ. ಬಿಳಿ ಸೀರೆಯವರು ಯಾರೂ ಇದರಲ್ಲಿ ಬರುವುದಿಲ್ಲ. ಬರುವುದು ಒಂದು ನಿಂಬೆಹಣ್ಣು ಮತ್ತು ಒಬ್ಬ ಮನುಷ್ಯನ ಕೈ.

ಆಗ ನಾನು ಕಾರ್ಖಾನೆಗಳ ಫೋಟೋ ತೆಗೆದು ಜೀವನ ಮಾಡುತ್ತಿದ್ದೆ. ಮದುವೆ ಮನೆಗಳಲ್ಲಿ ಅತ್ತೆಯರನ್ನು ನಗಿಸುವ ತಾಳ್ಮೆ ನನಗಿರಲಿಲ್ಲ. ಮಿಷನ್ನುಗಳು ನಗದಿದ್ದರೂ ನಡೆಯುತ್ತದೆ. ಈ ಕಾರ್ಖಾನೆಯಲ್ಲಿ ತಗಡಿನಿಂದ ಮೋಟಾರಿನ ಸಣ್ಣ ಭಾಗಗಳನ್ನು ಒತ್ತಿ ತೆಗೆಯುತ್ತಿದ್ದರು. ಮಾಲೀಕರು ರಂಗಯ್ಯ ಎಂಬುವರು. ಹೊರದೇಶದ ಗಿರಾಕಿಯೊಬ್ಬನಿಗೆ ಕಳಿಸುವುದಕ್ಕೆ ಒಂದು ದೊಡ್ಡ ಫೋಟೋ ಬೇಕೆಂದರು. ಫ್ಯಾಕ್ಟರಿ ನೋಡಿದ ಕೂಡಲೇ ಇದು ಪೀಣ್ಯದಲ್ಲಿದೆ ಅಂತ ಅನ್ನಿಸಬಾರದು ಎಂಬುದೊಂದೇ ಅವರ ಷರತ್ತು.

ಹೋಗಿ ನೋಡಿದರೆ ಪಡುವಣ ಗೋಡೆಯ ತುಂಬ ಎತ್ತರದ ಕಿಟಕಿಗಳು, ಅವುಗಳಿಂದ ಕಣ್ಣು ಕುಕ್ಕುವ ಬಿಸಿಲು. ಒಳಗೆ ಎಣ್ಣೆ ಕುಡಿದು ಕಪ್ಪಾದ ಮಿಷನ್ನುಗಳು. ನಮ್ಮ ಕಣ್ಣು ಬಿಸಿಲನ್ನೂ ಮೂಲೆಯ ಕತ್ತಲನ್ನೂ ಒಟ್ಟಿಗೆ ನೋಡಬಲ್ಲದು. ಕ್ಯಾಮೆರಾಗೆ ಅದು ಬರುವುದಿಲ್ಲ. ಕಿಟಕಿ ಸರಿಯಾಗಿ ಬಂದರೆ ಮಿಷನ್ನು ಇದ್ದಿಲಾಗುತ್ತದೆ, ಮಿಷನ್ನು ಸರಿಯಾಗಿ ಬಂದರೆ ಕಿಟಕಿ ಸುಣ್ಣವಾಗುತ್ತದೆ. ಇದಕ್ಕೆ ಉಪಾಯವೆಂದರೆ ಎಚ್‌ಡಿಆರ್. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಕದಲದಂತೆ ನಿಲ್ಲಿಸಿ, ಒಂದೇ ನೋಟವನ್ನು ಕಡಿಮೆ ಬೆಳಕಿನಿಂದ ಹಿಡಿದು ಹೆಚ್ಚು ಬೆಳಕಿನವರೆಗೆ ಹಲವು ಸಲ ತೆಗೆಯುವುದು, ಆಮೇಲೆ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಒಂದರ ಮೇಲೊಂದು ಬೆರೆಸುವುದು. ಆಗ ಅದು ಹೊಸ ಹುಚ್ಚು, ನನಗೂ ಹಿಡಿದಿತ್ತು. ಆದರೆ ಒಂದು ತೊಡಕು. ಫ್ರೇಮಿನೊಳಗೆ ಏನೂ ಅಲುಗಬಾರದು. ತಗಡು ಒತ್ತುವ ಪ್ರೆಸ್ಸುಗಳು ಓಡುತ್ತಿದ್ದರೆ ನೆಲವೇ ನಡುಗುತ್ತದೆ. ಅದಕ್ಕೇ ನಾನು ಆಯುಧಪೂಜೆಯ ದಿನವನ್ನು ಆರಿಸಿಕೊಂಡೆ. ವರ್ಷಕ್ಕೊಮ್ಮೆ ಪೀಣ್ಯದ ನೆಲ ಸುಮ್ಮನಿರುವ ದಿನ ಅದು.

ಬೆಳಿಗ್ಗೆ ಮನೆಯಲ್ಲಿ ನನ್ನ ಹೆಂಡತಿ ಕುಡುಗೋಲು, ಮಿಕ್ಸಿ, ಸ್ಕೂಟರಿನ ಜೊತೆಗೆ ನನ್ನ ಕ್ಯಾಮೆರಾಗೂ ಕುಂಕುಮ ಹಚ್ಚಿ ಸೇವಂತಿಗೆ ಏರಿಸಿದ್ದಳು. ಪೂಜೆಗೆ ಇಟ್ಟ ಆಯುಧವನ್ನು ಅವತ್ತು ಮುಟ್ಟಬಾರದು ಎಂಬುದು ನಿಮಗೂ ಗೊತ್ತು. ನಾನು ಲೆನ್ಸ್ ಒರೆಸುವ ಬಟ್ಟೆಯಲ್ಲಿ ಕುಂಕುಮ ಒರೆಸಿ, ಚಾಮುಂಡಿಗೆ ಕ್ಯಾಮೆರಾ ಕೊಟ್ಟಿರಲಿಲ್ಲವಲ್ಲ, ಈ ನಿಯಮ ಇದಕ್ಕೆ ಅನ್ವಯಿಸುವುದಿಲ್ಲ ಎಂದೆ. ಅವಳು ಕೆಳಗೆ ಬಿದ್ದ ಸೇವಂತಿಗೆಯನ್ನು ಎತ್ತಿಟ್ಟಳು.

ನಾನು ಹೋಗುವ ಹೊತ್ತಿಗೆ ಕಾರ್ಖಾನೆಯ ಪೂಜೆ ಮುಗಿದಿತ್ತು. ಕೆಲಸದವರು ಸಿಹಿ ಡಬ್ಬಿ, ಕಡಲೆಪುರಿ ಪೊಟ್ಟಣ ಹಿಡಿದು ಹೊರಟುಹೋಗಿದ್ದರು. ಬೀಗ ಹಾಕಲು ಉಳಿದಿದ್ದವನು ಬಸಪ್ಪ ಒಬ್ಬನೇ. ಕೊಪ್ಪಳದ ಕಡೆಯವನು, ನಲವತ್ತರ ಆಸುಪಾಸು, ಅಲ್ಲಿನ ಎಲ್ಲಕ್ಕಿಂತ ದೊಡ್ಡ ಪ್ರೆಸ್ಸಿನ ಆಪರೇಟರು. ಪೀಣ್ಯದಲ್ಲಿ ಹಳೆಯ ಪ್ರೆಸ್ ಆಪರೇಟರುಗಳು ಟೀ ಲೋಟ ಹಿಡಿಯುವುದನ್ನು ನೋಡಿದರೆ ಅವರ ಕಸುಬು ಗೊತ್ತಾಗಿಬಿಡುತ್ತದೆ. ಒಂದೋ ಎರಡೋ ಬೆರಳು ಮಿಷನ್ನಿಗೆ ಹೋಗಿರುತ್ತದೆ. ಬಸಪ್ಪ ನನ್ನ ಪರಿಚಯವಾದ ಹತ್ತು ನಿಮಿಷದಲ್ಲೇ ಎರಡೂ ಕೈ ಬಿಡಿಸಿ ತೋರಿಸಿದ.

"ಹದಿನಾಕ ವರ್ಷ ಆತ್ರೀ ಸರ ಪ್ರೆಸ್ಸಿನ ಮ್ಯಾಲ. ಹತ್ತೂ ಅದಾವ ನೋಡ್ರಿ."

ಅದು ಅವನ ದೊಡ್ಡ ಹೆಮ್ಮೆ. ಊರಲ್ಲಿ ಹೆಂಡತಿಯ ಮನೆಯವರು ಹೆಣ್ಣು ಕೊಡುವಾಗಲೂ ಮೊದಲು ಅವನ ಬೆರಳು ಎಣಿಸಿದ್ದರಂತೆ. ಅವನು ಮನೆಯಲ್ಲಿ ತಬಲಾ ಬಾರಿಸುತ್ತಿದ್ದ, ಅವರ ಓಣಿಯ ಭಜನಾ ಮೇಳಕ್ಕೆ ಅವನೇ ಆಧಾರ. ಆ ಸಂಜೆಯ ರೈಲಿಗೆ ಊರಿಗೆ ಹೊರಟಿದ್ದ. ವಿಜಯದಶಮಿಗೆ ಬನ್ನಿ ಹಂಚಿ, ಭಜನೆ ಮುಗಿಸಿ, ಸೋಮವಾರ ಬೆಳಿಗ್ಗೆ ಕಾರ್ಖಾನೆ ತೆರೆಯುವ ಹೊತ್ತಿಗೆ ವಾಪಸ್ಸು.

ದೊಡ್ಡ ಪ್ರೆಸ್ಸಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಮೇಲಿಂದ ಇಳಿದು ಬಡಿಯುವ ಭಾಗಕ್ಕೆ ರ‍್ಯಾಮು ಎನ್ನುತ್ತಾರೆ, ಕೆಳಗೆ ತಗಡು ಇಡುವ ಅಚ್ಚಿಗೆ ಡೈ. ಆ ಡೈ ಮೇಲೆ ಕುಂಕುಮ ಹಚ್ಚಿದ ಒಂದು ನಿಂಬೆಹಣ್ಣು ಇತ್ತು. ಅದು ಅಲ್ಲಿಯ ಪದ್ಧತಿ. ರಜೆ ಮುಗಿದು ಮಿಷನ್ನು ಮತ್ತೆ ಶುರುವಾದಾಗ ಮೊದಲ ಏಟು ತಗಡಿನ ಮೇಲೆ ಬೀಳಬಾರದು, ನಿಂಬೆಹಣ್ಣಿನ ಮೇಲೆ ಬೀಳಬೇಕು. ಒಡೆದ ಎರಡು ಹೋಳನ್ನು ಆಪರೇಟರು ತನ್ನ ಕೈಯಾರೆ ತೆಗೆದು ಗೇಟಿನ ಆಚೆ ಎಡಕ್ಕೊಂದು ಬಲಕ್ಕೊಂದು ಎಸೆಯಬೇಕು. ಆಗ ವರ್ಷವಿಡೀ ಪ್ರೆಸ್ಸು ಬೇರೆ ಬಲಿ ಕೇಳುವುದಿಲ್ಲ. ಹಾಗೆಂದು ಬಸಪ್ಪ ಹೇಳಿದ. ನಾನು ಒಳಗೇ ನಕ್ಕೆ.

ನಿಂಬೆಹಣ್ಣಿನ ಮುಂದೆ ಹಳದಿ ಬಣ್ಣದ ಒಂದು ಜಾಲರಿ ಇತ್ತು. ಕೈ ಒಳಗೆ ಹೋಗದಿರಲೆಂದು ಹಾಕುವ ಗಾರ್ಡು. ಫೋಟೋದಲ್ಲಿ ಅದು ಡೈಯನ್ನು ಪೂರ್ತಿ ಮುಚ್ಚುತ್ತಿತ್ತು. ಅದನ್ನು ತೆಗೆಯಬಹುದೇ ಎಂದು ಕೇಳಿದೆ. ಪೂಜೆಯಾದ ಮಷೀನಿಗೆ ಇವತ್ತು ಕೈ ಹಚ್ಚಬಾರದು ಎಂದು ಬಸಪ್ಪ ಹಿಂದೆಮುಂದೆ ನೋಡಿದ. ಮಾಲೀಕರಿಗೆ ಚೆನ್ನಾಗಿರುವ ಫೋಟೋ ಬೇಕಲ್ಲ ಎಂದು ನಾನು ಒತ್ತಾಯ ಮಾಡಿದೆ. ಅವನು ಮಿಷನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಸ್ಪ್ಯಾನರು ಹಿಡಿಯದೆ ಬರಿಗೈಯಲ್ಲೇ ನಾಲ್ಕು ನಟ್ಟು ಬಿಚ್ಚಿ ಗಾರ್ಡನ್ನು ಕಂಬಕ್ಕೆ ಒರಗಿಸಿದ.

ಮುಂದಿನದನ್ನು ನಾನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಎಲ್ಲಿ ತಪ್ಪಿರಬಹುದೆಂದು ನಾನು ಸಾವಿರ ಸಲ ಹುಡುಕಿದ್ದೇನೆ. ಟ್ರೈಪಾಡಿನ ಮೂರು ಕಾಲನ್ನೂ ಗಟ್ಟಿಯಾಗಿ ಊರಿದೆ, ನಡುಗದಿರಲೆಂದು ನಡುವಿನ ಕೊಕ್ಕೆಗೆ ಕ್ಯಾಮೆರಾ ಬ್ಯಾಗನ್ನೇ ತೂಗುಹಾಕಿದೆ. ಕ್ಯಾಮೆರಾ ತಾನಾಗಿ ಏನನ್ನೂ ಬದಲಿಸದಂತೆ ಎಲ್ಲವನ್ನೂ ಮ್ಯಾನ್ಯುಯಲ್‌ಗೆ ಇಟ್ಟೆ. ಪರದೆಯಲ್ಲಿ ಹಿಗ್ಗಿಸಿ ನೋಡಿ, ನಿಂಬೆಹಣ್ಣಿನ ತೊಟ್ಟಿನ ಮೇಲೇ ಫೋಕಸ್ ಕೂರಿಸಿದೆ. ಕುಂಕುಮದ ಕಣಗಳೂ ಬಿಡಿಬಿಡಿಯಾಗಿ ಕಂಡವು. ಆಮೇಲೆ ಕ್ಯಾಮೆರಾವನ್ನು ನೇರವಾಗಿ ಒತ್ತದೆ, ತಂತಿಯ ತುದಿಯ ಗುಂಡಿ ಒತ್ತುತ್ತ ಒಂಬತ್ತು ಫ್ರೇಮು ತೆಗೆದೆ. ಮೊದಲನೆಯದಕ್ಕೆ ಸೆಕೆಂಡಿನ ಮೂವತ್ತನೇ ಒಂದು ಭಾಗ, ಆಮೇಲೆ ಪ್ರತಿಯೊಂದಕ್ಕೂ ಹಿಂದಿನದರ ಎರಡರಷ್ಟು ಹೊತ್ತು, ಕೊನೆಯದಕ್ಕೆ ಎಂಟು ಸೆಕೆಂಡು. ಎಲ್ಲ ಸೇರಿ ಎರಡು ನಿಮಿಷ ಹಿಡಿದಿರಬಹುದು. ಮೇನ್ ಸ್ವಿಚ್ಚು ಆಫ್ ಆಗಿತ್ತು, ಅದಕ್ಕೂ ಹೂವು ಏರಿಸಿದ್ದರು. ಬಸಪ್ಪ ನನ್ನ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ಮೂರನೆಯವರು ಅಲ್ಲಿ ಇರಲಿಲ್ಲ.

ಅವನಿಗೆ ರೈಲಿನ ಆತುರ, ನನಗೆ ಮನೆಯ ಹೋಳಿಗೆಯ ಆತುರ. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಬೆಳಕಿನ ಲೆಕ್ಕ ಸರಿಯಿದೆಯೆಂದಷ್ಟೇ ನೋಡಿ ಎಲ್ಲ ಗಂಟುಕಟ್ಟಿದೆ. ಹೊರಡುವ ಮುಂಚೆ ಬಸಪ್ಪ ಪ್ರೆಸ್ಸಿನ ಮುಂದೆ ಹೋಗಿ ಕೈಮುಗಿದ. ನಿಂಬೆಹಣ್ಣು ಇಟ್ಟಲ್ಲೇ ಇಟ್ಟ ಹಾಗೆ, ಇಡಿಯಾಗಿ ಇತ್ತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸಂಜೆ ಆರರ ಹೊತ್ತಿಗೆ ಮನೆಯಲ್ಲಿ ಫೈಲುಗಳನ್ನು ಕಂಪ್ಯೂಟರಿಗೆ ಇಳಿಸಿ ಒಂದೊಂದಾಗಿ ತೆರೆದೆ. ಮೊದಲ ನಾಲ್ಕರಲ್ಲಿ ಕಿಟಕಿ ಚೆನ್ನಾಗಿತ್ತು, ಡೈ ಇದ್ದ ಜಾಗ ಬರೀ ಕಪ್ಪು. ಐದನೆಯದರಲ್ಲಿ ನಿಂಬೆಹಣ್ಣು ಮಸುಕಾಗಿ ಕಂಡಿತು. ಆರು, ಏಳು, ಎಂಟರಲ್ಲಿ ಸ್ಪಷ್ಟ ಹಳದಿ. ಒಂಬತ್ತನೆಯದರಲ್ಲಿ ನಿಂಬೆಹಣ್ಣು ಒಡೆದಿತ್ತು.

ನಾನು ಕುರ್ಚಿಯಿಂದ ಎದ್ದು ನಿಂತೆ. ಮತ್ತೆ ಕೂತು ಹಿಗ್ಗಿಸಿ ನೋಡಿದೆ. ಎಡಗಡೆಯ ಹೋಳು ಕತ್ತರಿಸಿದ ಮುಖ ಮೇಲಾಗಿ ಕೂತಿತ್ತು. ಬಲಗಡೆಯದು ಡೈ ಪಕ್ಕದ ಉಕ್ಕಿನ ಗೂಟಕ್ಕೆ ಒರಗಿತ್ತು, ಅದರ ಮೇಲೊಂದು ಚೆಂಡುಹೂವಿನ ಎಸಳು. ರಸ ಹರಿದು ಡೈ ಮುಂಭಾಗ ಹೊಳೆಯುತ್ತಿತ್ತು. ಆ ಒದ್ದೆಯ ಮೇಲೆ ಬಲದಿಂದ ಎಡಕ್ಕೆ ಕೆಂಪಗೆ ಒಂದು ಗೆರೆ, ಕೊನೆಯಲ್ಲಿ ಮೂರು ತೊಟ್ಟು. ಕುಂಕುಮ ಕರಗಿರಬೇಕು ಎಂದುಕೊಂಡೆ. ರ‍್ಯಾಮು ಮಾತ್ರ ಮೇಲೇ ಇತ್ತು, ಹಾರ ಒಂದಿಷ್ಟೂ ಸರಿದಿರಲಿಲ್ಲ. ಕಿಟಕಿಯ ಸರಳಿನ ನೆರಳು ಎಂಟನೇ ಫ್ರೇಮಿನಲ್ಲಿ ಎಲ್ಲಿ ಬಿದ್ದಿತ್ತೋ ಇದರಲ್ಲೂ ಅಲ್ಲೇ ಬಿದ್ದಿತ್ತು.

ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಎಂಟನೆಯದನ್ನೂ ಒಂಬತ್ತನೆಯದನ್ನೂ ನಾಲ್ಕಾರು ಸಲ ಹಿಂದೆಮುಂದೆ ಮಾಡಿ ನೋಡಿದಳು. ಬೆಳಿಗ್ಗೆಯ ಕುಂಕುಮದ ಮಾತು ಎತ್ತಿ ನನ್ನನ್ನು ಚುಚ್ಚಬಹುದಿತ್ತು, ಎತ್ತಲಿಲ್ಲ. ಆ ಮಿಷನ್ನು ಓಡಿಸುವವರು ಯಾರು ಎಂದಷ್ಟೇ ಕೇಳಿದಳು. ಬಸಪ್ಪನ ವಿಷಯ ಹೇಳಿದೆ. ಹತ್ತು ಬೆರಳಿನ ವಿಷಯವನ್ನೂ ಹೇಳಿದೆ.

"ಇದನ್ನ ಅವರಿಗೆ ಹೇಳ್ಬಿಡಿ," ಎಂದಳು. "ನಂಬೋದು ಬಿಡೋದು ಅವರಿಗೆ ಬಿಟ್ಟಿದ್ದು."

ಎಂಟನೇ ಫ್ರೇಮನ್ನು ಮತ್ತೆ ನೋಡುವಾಗ ಕಂಬಕ್ಕೆ ಒರಗಿದ್ದ ಹಳದಿ ಗಾರ್ಡು ಕಣ್ಣಿಗೆ ಬಿತ್ತು. ಅದನ್ನು ವಾಪಸ್ಸು ಹಾಕುವುದನ್ನು ನಾವಿಬ್ಬರೂ ಮರೆತಿದ್ದೆವು. ಹೀಗೆ ಹೇಳಲು ನಾಚಿಕೆಯಾಗುತ್ತದೆ, ಆದರೆ ಆ ಗಾಬರಿಯಲ್ಲೂ ನನಗೆ ಒಂದು ಸಮಾಧಾನವಾಯಿತು. ಫೋನು ಮಾಡುವುದಕ್ಕೆ ಮರ್ಯಾದಸ್ಥ ಕಾರಣವೊಂದು ಸಿಕ್ಕಿತ್ತು.

ಬಸಪ್ಪ ಯಶವಂತಪುರ ಸ್ಟೇಷನ್ನಿನಲ್ಲಿದ್ದ. ಹಿಂದೆ ರೈಲಿನ ಘೋಷಣೆ, ಜನರ ಗದ್ದಲ. ಗಾರ್ಡು ಹಾಕಿಲ್ಲ, ಸೋಮವಾರ ಅದನ್ನು ಹಾಕದೆ ಮಿಷನ್ನು ಶುರುಮಾಡಬೇಡ ಎಂದು ಎರಡೆರಡು ಸಲ ಹೇಳಿದೆ. ಅವನು ಲೊಚಗುಟ್ಟಿದ ಸದ್ದು ನನಗೆ ಕೇಳಿಸಿತು.

"ಛೇ, ನಾನೂ ಮರತೆ ನೋಡ್ರಿ. ಬಂದ ಕೂಡ್ಲೆ ಮೊದಲ ಅದನ್ನ ಹಾಕ್ತೀನ್ರಿ. ಮತ್ತೇನ್ರಿ ಸರ?"

ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಿಂಬೆಹಣ್ಣು ಎಂಬ ಮಾತು ನನ್ನ ಬಾಯಿಯವರೆಗೂ ಬಂದಿತ್ತು. ಹೇಳಿದರೆ ಅವನು ನಂಬುತ್ತಾನೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಅದೇ ನನಗೆ ಕಷ್ಟವಾಯಿತು. ಸೋಮವಾರ ಅವನು ಆ ಮಿಷನ್ನು ಮುಟ್ಟುವುದಿಲ್ಲ, ರಂಗಯ್ಯನವರು ಯಾಕೆಂದು ಕೇಳುತ್ತಾರೆ, ಫೋಟೋದವರು ಅಪಶಕುನ ಹೇಳಿದರು ಎಂದು ಇಡೀ ಪೀಣ್ಯ ಆಡಿಕೊಳ್ಳುತ್ತದೆ. ಎಲ್ಲರ ನಂಬಿಕೆಗೂ ನಕ್ಕವನು ನಾನು.

"ಮತ್ತೇನಿಲ್ಲ ಬಸಪ್ಪ," ಎಂದೆ.

ಮೂರು ದಿನ ಇತ್ತು ನನಗೆ. ಮೂರು ದಿನವೂ ಹೆಂಡತಿ ಕೇಳಿದಳು, ಮೂರು ದಿನವೂ ನಾನು ಒಂದೊಂದು ವಿವರಣೆ ಕಟ್ಟಿದೆ. ಮೆಮೊರಿ ಕಾರ್ಡು ಕೆಟ್ಟಿದೆ ಎಂದೆ. ಬಿಸಿಲಿನ ಪ್ರತಿಫಲನ ಎಂದೆ. ಹೇಳಬೇಕಾದದ್ದನ್ನು, ಅಂದರೆ ಗಾರ್ಡಿನ ವಿಷಯವನ್ನು ಹೇಳಿಯಾಗಿದೆಯಲ್ಲ ಎಂದೂ ರೇಗಿದೆ. ಭಾನುವಾರ ಒಂಬತ್ತನೆಯದನ್ನು ಕೈಬಿಟ್ಟು ಎಂಟೇ ಫ್ರೇಮು ಬೆರೆಸಿ ಚಿತ್ರ ಮುಗಿಸಿ, ಅದನ್ನು ರಂಗಯ್ಯನವರಿಗೆ ಕಳಿಸಿದೆ. ಬಹಳ ಚೆನ್ನಾಗಿ ಬಂದಿತ್ತು. ಕಿಟಕಿಯಾಚೆಯ ಆಕಾಶವೂ ಡೈ ಮೇಲಿನ ನಿಂಬೆಹಣ್ಣೂ ಒಂದೇ ಹದದಲ್ಲಿ ಕಾಣುತ್ತಿದ್ದವು.

ಸೋಮವಾರ ಒಂಬತ್ತಕ್ಕೆ ರಂಗಯ್ಯನವರ ಫೋನು ಬಂತು. ಹೊಗಳುವುದಕ್ಕೆಂದುಕೊಂಡು ನಗುತ್ತಲೇ ಎತ್ತಿದೆ.

"ಸಾರ್, ನೀವು ಕಳಿಸಿದ ಫೋಟೋ ನಾನಿನ್ನೂ ತೆರೆದಿಲ್ಲ, ಅದರಲ್ಲಿ ದೊಡ್ಡ ಪ್ರೆಸ್ಸಿಗೆ ಗಾರ್ಡು ಇದೆಯಾ ಇಲ್ವಾ?" ಎಂದರು. ಯಾಕೆ ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಬಸಪ್ಪನ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಹೋಗಿದ್ದವು.

ಅವನು ಕೊಟ್ಟ ಮಾತನ್ನು ಉಳಿಸಿಕೊಂಡಿದ್ದ. ಸ್ಟೇಷನ್ನಿನಿಂದ ನೇರವಾಗಿ ಬಂದು ಮೊದಲು ಗಾರ್ಡು ಹಾಕಿ ನಾಲ್ಕೂ ನಟ್ಟು ಬಿಗಿದನಂತೆ. ಕೈಮುಗಿದು ಪೆಡಲು ತುಳಿದ. ನಿಂಬೆಹಣ್ಣು ಒಡೆಯಿತು. ಮೋಟಾರು ಆರಿಸಿದ. ಹೋಳುಗಳನ್ನು ಗೇಟಿನಾಚೆ ಎಸೆಯಬೇಕಲ್ಲ, ಅದಕ್ಕೆ ಗಾರ್ಡು ಬಿಚ್ಚಿ ಕೈ ಒಳಗೆ ಹಾಕಿದ. ಮೋಟಾರು ನಿಂತರೂ ಪ್ರೆಸ್ಸಿನ ದೊಡ್ಡ ಚಕ್ರ ಕೆಲವು ನಿಮಿಷ ತಿರುಗುತ್ತಲೇ ಇರುತ್ತದೆ. ಒಳಗಿನ ಯಾವುದೋ ಸ್ಪ್ರಿಂಗು ಕೆಟ್ಟು, ಯಾರೂ ತುಳಿಯದೆ ರ‍್ಯಾಮು ಇನ್ನೊಂದು ಸಲ ಇಳಿಯಿತು. ಹದಿನಾಲ್ಕು ವರ್ಷವೂ ಅವನು ಹಾಗೇ ತೆಗೆದಿದ್ದ, ಹದಿನಾಲ್ಕು ವರ್ಷವೂ ಏನೂ ಆಗಿರಲಿಲ್ಲ.

ನಾನು ಹೋಗುವ ಹೊತ್ತಿಗೆ ಅವನನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು. ತನಿಖೆಗೆ ಬರುವವರು ನೋಡಲಿ ಎಂದು ಪ್ರೆಸ್ಸನ್ನು ತೊಳೆಯದೆ ಹಾಗೇ ಬಿಟ್ಟಿದ್ದರು. ರಂಗಯ್ಯನವರು ಬೇಡವೆಂದರೂ ಹತ್ತಿರ ಹೋದೆ. ಎಡಗಡೆಯ ಹೋಳು ಕತ್ತರಿಸಿದ ಮುಖ ಮೇಲಾಗಿ ಕೂತಿತ್ತು. ಬಲಗಡೆಯದು ಗೂಟಕ್ಕೆ ಒರಗಿತ್ತು, ಮೇಲೆ ಒಂದು ಎಸಳು. ಒದ್ದೆಯ ಮೇಲೆ ಬಲದಿಂದ ಎಡಕ್ಕೆ ಒಂದು ಗೆರೆ, ಕೊನೆಯಲ್ಲಿ ಮೂರು ತೊಟ್ಟು. ಅದು ಕುಂಕುಮ ಆಗಿರಲಿಲ್ಲ.

ನಾನು ಅಲ್ಲೇ ಎಣ್ಣೆಯ ನೆಲದ ಮೇಲೆ ಕೂತುಬಿಟ್ಟೆ. ರಕ್ತ ನೋಡಿ ತಲೆಸುತ್ತು ಬಂತೆಂದು ಅಲ್ಲಿದ್ದವರು ನೀರು ತಂದುಕೊಟ್ಟರು. ನಾನು ಹೌದೆಂದೆ. ಅಲ್ಲಿಯೂ ನಿಜ ಹೇಳಲಿಲ್ಲ.

ಆಮೇಲೆ ಆ ಫೈಲನ್ನು ಕಂಪ್ಯೂಟರು ಬಲ್ಲ ಇಬ್ಬರಿಗೆ, ಹಿರಿಯ ಫೋಟೋಗ್ರಾಫರ್ ಒಬ್ಬರಿಗೆ ತೋರಿಸಿದ್ದೇನೆ. ಯಾರೂ ತಿದ್ದಿದ ಗುರುತಿಲ್ಲ ಎಂದರು ಮೊದಲಿನವರು. ಸೋಮವಾರ ಮತ್ತೆ ಹೋಗಿ ತೆಗೆದು ಮರೆತಿದ್ದೀರಿ ಎಂದರು ಹಿರಿಯರು. ಅಪಘಾತ ಆದದ್ದು ಬೆಳಿಗ್ಗೆ ಎಂಟಕ್ಕೆ. ಪಡುವಣ ಕಿಟಕಿಯಿಂದ ಆ ಹೊತ್ತಿಗೆ ಬಿಸಿಲು ಬೀಳುವುದಿಲ್ಲ. ಒಂಬತ್ತನೇ ಫ್ರೇಮಿನಲ್ಲಿ ಮಧ್ಯಾಹ್ನದ ಬಿಸಿಲಿದೆ. ಇದನ್ನು ಹೇಳಿದಾಗ ಅವರು ಟೀ ತರಿಸಿ ಮಾತು ಬದಲಿಸಿದರು. ಹಗಲು ಕಂಡ ಬಾವಿಗೆ ಇರುಳು ಬಿದ್ದರಂತೆ ಎಂದು ನಮ್ಮಲ್ಲಿ ಹಾಸ್ಯ ಮಾಡುತ್ತಾರೆ. ನಾನು ಬಾವಿಯನ್ನು ಹಗಲೇ ಕಂಡಿದ್ದೆ, ಬಿದ್ದವನು ಮಾತ್ರ ಬೇರೆಯವನು. ಆ ಫೈಲು ಈಗಲೂ ನನ್ನ ಹತ್ತಿರ ಇದೆ. ಅಳಿಸುವ ಧೈರ್ಯವೂ ಇಲ್ಲ, ತೆರೆಯುವ ಧೈರ್ಯವೂ ಇಲ್ಲ. ಅದು ಏನು, ಯಾಕೆ ನನ್ನ ಕ್ಯಾಮೆರಾಗೇ ಬಂತು, ನನಗೆ ಇವತ್ತಿಗೂ ಗೊತ್ತಿಲ್ಲ.

ಮರುವರ್ಷ ದಸರಾ ಕಳೆದ ಮೇಲೆ ಬಸಪ್ಪ ನಮ್ಮ ಮನೆಗೆ ಬಂದ. ಅದೇ ಕಾರ್ಖಾನೆಯಲ್ಲಿ ಈಗ ಗೇಟು ಕಾಯುತ್ತಿದ್ದ. ತಬಲಾ ತಮ್ಮನಿಗೆ ಕೊಟ್ಟೆ ಎಂದ. ಊರಿಂದ ತಂದ ಬನ್ನಿ ಎಲೆಯನ್ನು ಬಲಗೈಯಲ್ಲೇ ನನ್ನ ಕೈಗಿಟ್ಟು, ಬಂಗಾರದಂಗ ಇರೂಣ್ರಿ ಸರ ಎಂದ. ಮೂರು ಬೆರಳಿನ ಆ ಕೈಯನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ನನ್ನ ಹೆಂಡತಿ ಕಾಫಿ ತಂದಾಗ ಅವನು ಅವಳಿಗೆ ನನ್ನನ್ನು ಹೊಗಳತೊಡಗಿದ. "ಸರ ರೈಲ್ವೆ ಸ್ಟೇಷನ್‌ತನಕ ಫೋನ್ ಮಾಡಿ ಹೇಳಿದ್ರಿ ಅಕ್ಕಾರ. ಹಿಂಗ ಯಾರ ಹೇಳ್ತಾರ್ರೀ? ಹಾಕಿದ್ದ ಗಾರ್ಡ ನಾನ ಬಿಚ್ಚಿದೆ. ನಂದ ತಪ್ಪು."

ಅವಳು ಲೋಟ ಇಟ್ಟು ನನ್ನ ಕಡೆ ನೋಡಿದಳು. ಅವನು ಕಾಫಿ ಮುಗಿಸಿದ, ಊರಿನ ಸುದ್ದಿ ಹೇಳಿದ, ಎದ್ದು ಚಪ್ಪಲಿ ಮೆಟ್ಟಿದ. ಬಾಗಿಲ ಹತ್ತಿರ ತಿರುಗಿ, ಹೊರಡುವವರೆಲ್ಲ ಕೇಳುವ ಹಾಗೆ ಕೇಳಿದ.

"ಮತ್ತೇನ್ರಿ ಸರ?"

ನಾನು ಬಾಯಿ ತೆರೆದೆ. ಕೈಯಲ್ಲಿ ಬನ್ನಿ ಎಲೆ ಇತ್ತು.

"ಮತ್ತೇನಿಲ್ಲ ಬಸಪ್ಪ," ಎಂದೆ.